ಕತ್ತಲಿ ಮಾಸ್ತರರು

ಕರೆಂಟ್ ಆಫೀಸಿನಲ್ಲಿ ನೌಕರಿ ಮಾಡಿದವನಿಗೆ ಬೈಗುಳದ ಕೊರತೆ ಎಂದೂ ಇರುವುದಿಲ್ಲ. ಕರೆಂಟ್ ಹೋದರೆ ಬೈಯುತ್ತಾರೆ. ಬಂದರೆ, ಇಷ್ಟು ಹೊತ್ತು ಎಲ್ಲಿ ಸತ್ತಿತ್ತು ಎಂದು ಬೈಯುತ್ತಾರೆ. ಬನಹಟ್ಟಿಯಲ್ಲಿದ್ದಾಗ ನನ್ನನ್ನು ಮಗ್ಗದವರು ಬೈದರು. ಮುಧೋಳದಲ್ಲಿದ್ದಾಗ ಗಿರಣಿಯವರು ಬೈದರು. ಬೀಳಗಿಯಲ್ಲಿ ಮುಳುಗಡೆಯಾಗಿ ಹೊಸ ಜಾಗಕ್ಕೆ ಬಂದವರು, "ಹಳೇ ಊರು ನೀರಾಗ ಹೋತು, ಹೊಸಾ ಊರು ಕತ್ತಲ್ಯಾಗ ಹೋತು" ಎಂದು ಬೈದರು. ಸಾವಳಗಿಯಲ್ಲಿದ್ದಾಗ ಮಾತ್ರ ಯಾರೂ ಪಾಳಿ ಹಚ್ಚಲಿಲ್ಲ, ಎಲ್ಲರೂ ಕೂಡಿಯೇ ಬೈದರು. ಇಷ್ಟು ವರ್ಷಗಳ ನೌಕರಿಯಲ್ಲಿ, ಕರೆಂಟ್ ತೆಗೆದಿದ್ದಕ್ಕೆ ಆಫೀಸಿಗೆ ಬಂದು ಕೈಮುಗಿದು, ಮೇಲೆ ಡಬ್ಬಿ ತುಂಬ ಶೇಂಗಾ ಹೋಳಿಗೆ ಕೊಟ್ಟು ಹೋದವರು ಒಬ್ಬರೇ.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ರಬಕವಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹಳೆಯ ಲೈನ್‌ಮನ್ ಸಿಕ್ಕಿದ್ದ. ಅದು ಇದು ಮಾತಾಡಿ, ಬಸ್ ಹತ್ತುವಾಗ ಹಿಂದೆ ತಿರುಗಿ, "ಸಾಹೇಬ್ರ, ನಿಮ್ಮ ಕತ್ತಲಿ ಮಾಸ್ತರ ಹೋದ್ರಂತಲ್ರಿ" ಎಂದ. ಅವನು ಅವರ ನಿಜ ಹೆಸರು ಹೇಳಿದ್ದರೆ, ಯಾರಪ್ಪ ಎಂದು ನಾನೂ ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು. ಆದ್ದರಿಂದ ಇಲ್ಲಿಯೂ ಆ ಹೆಸರು ಬೇಡ.

ನಾನು ಸಾವಳಗಿಗೆ ಸೆಕ್ಷನ್ ಆಫೀಸರ್ ಆಗಿ ಹೋದಾಗ ಜಿಲ್ಲೆ ಒಡೆದು ಬಹಳ ವರ್ಷ ಆಗಿರಲಿಲ್ಲ. ನಾವೆಲ್ಲ ಬಾಗಲಕೋಟೆಯವರಾಗಿದ್ದರೂ ನಮ್ಮ ಆಫೀಸಿನ ಬೋರ್ಡು ಮಾತ್ರ ಇನ್ನೂ ಬಿಜಾಪುರ ಜಿಲ್ಲೆಯಲ್ಲೇ ಇತ್ತು. ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಬ್ಯಾರೇಜ್ ಕಟ್ಟಿ ನೀರು ನಿಲ್ಲಿಸಿದ ಮೇಲೆ ಹೊಳೆದಂಡೆಯ ತುಂಬ ಪಂಪ್‌ಸೆಟ್ಟು, ಪಂಪ್‌ಸೆಟ್ಟಿನ ಹಿಂದೆ ಕಬ್ಬು. ನೀರು ಹೆಚ್ಚಿತು, ಕಬ್ಬು ಹೆಚ್ಚಿತು, ಕರೆಂಟ್ ಮಾತ್ರ ಇದ್ದಷ್ಟೇ ಇತ್ತು. ಹೀಗಾಗಿ ಊರೂರಿಗೆ ಪಾಳಿ ಹಚ್ಚಿ ಕರೆಂಟ್ ತೆಗೆಯುವುದೇ ನನ್ನ ಮುಖ್ಯ ಉದ್ಯೋಗವಾಗಿತ್ತು.

ಒಂದು ಮುಂಜಾನೆ ಗಿಡ್ಡಗಿನ ಮನುಷ್ಯರೊಬ್ಬರು ಲೂನಾ ನಿಲ್ಲಿಸಿ ಒಳಗೆ ಬಂದರು. ತಲೆಗೆ ಮಫ್ಲರ್, ಕಣ್ಣು ಕೆಂಪು, ಕೈಯಲ್ಲಿ ಸ್ಟೀಲ್ ಡಬ್ಬಿ.

"ಕರೆಂಟ್ ತಗಿಯೋರು ನೀವ ಏನ್ರಿ?"

ನಾನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದೆ. ಈ ಪ್ರಶ್ನೆಯ ಬೆನ್ನಿಗೆ ಸಾಮಾನ್ಯವಾಗಿ ಚಪ್ಪಲಿಯ ಮಾತು ಬರುತ್ತಿತ್ತು.

"ಮ್ಯಾಲಿಂದ ಹೇಳ್ತಾರ್ರಿ, ನಾವು ತಗೀತೇವಿ" ಎಂದೆ.

"ನಿನ್ನಿ ರಾತ್ರಿ ಬಾಳ ಛಲೋ ತಗದ್ರಿ. ಆಹಾ, ಏನ್ ಕತ್ತಲಿ ಅಂತೀರಿ! ಸಾವಳಗಿ ಸುತ್ತ ಒಂದ ದೀಪ ಇದ್ದಿಲ್ಲ. ಹಿಂಗ ನಡಸ್ರಿ" ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು.

ಲೈನ್‌ಮನ್ ನನ್ನ ಕಿವಿಯ ಹತ್ತಿರ ಬಗ್ಗಿ, "ಸಾಹೇಬ್ರ, ಹೋಳಿಗಿ ತಿನ್ನಬ್ಯಾಡ್ರಿ" ಎಂದ. ವಿಷ ಇರಬಹುದೆಂದು ಅವನ ಅನುಮಾನ. ಮಾಸ್ತರರಿಗೆ ಅದು ಕೇಳಿಸಿತು. ತಾವೇ ಡಬ್ಬಿ ತೆಗೆದು ಒಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ತಮ್ಮ ಪರಿಚಯ ಹೇಳಿದರು. ಜಮಖಂಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ದೂರದ ಒಂದು ಸಂಶೋಧನಾ ಸಂಸ್ಥೆಯವರು ಇವರ ಬೆನ್ನು ಬಿಡದ ಕಾಟಕ್ಕೆ ಸೋತು ಒಂದು ಯಂತ್ರ ಕೊಟ್ಟಿದ್ದಾರೆ. ಸಾವಳಗಿಯ ಆಚೆ ಒಂದು ಸಣ್ಣ ಊರು, ಆ ಊರ ಹೊರಗೆ ಕಲ್ಲುಗುಡ್ಡ, ಗುಡ್ಡದ ಮೇಲೆ ಬೀರೇಶ್ವರನ ಗುಡಿ. ಗುಡಿಯಿಂದ ಸ್ವಲ್ಪ ದೂರದ ಒಂದು ಕೋಣೆಯಲ್ಲಿ ಯಂತ್ರ ಕೂಡಿಸಿದ್ದಾರೆ.

"ಏನ್ ಮಾಡತೈತ್ರಿ ಆ ಮಷೀನು?"

"ಕತ್ತಲಿ ಫೋಟೋ ತಗೀತೈತ್ರಿ."

ನನ್ನ ಮುಖ ನೋಡಿ ಅವರಿಗೆ ನಾನು ಯಾವ ಮಟ್ಟದ ವಿದ್ಯಾರ್ಥಿ ಎಂದು ಗೊತ್ತಾಗಿರಬೇಕು. ಮೇಜಿನ ಮೇಲಿನ ಹೋಳಿಗೆಯ ಎರಡು ತುಂಡನ್ನೇ ಹಿಡಿದು ಪಾಠ ಶುರು ಮಾಡಿದರು. "ಹಗಲಿ ಸೂರ್ಯಾನ ಬಿಸಿಲು ಬಾಳ ಮ್ಯಾಲಿನ ಗಾಳಿನ ಹಿಂಗ ಒಡೀತೈತ್ರಿ. ರಾತ್ರಿ ಆತಂದ್ರ ಒಡದ ತುಣಕು ಮತ್ತ ಕೂಡ್ತಾವ. ಕೂಡೂ ಮುಂದ ಒಂದ ಚೂರು ಬೆಳಕ ಬಿಡ್ತಾವ. ಹಗಲೆಲ್ಲಾ ಜಗಳಾಡಿದ ಗಂಡಾ ಹೆಂಡ್ತಿ ರಾತ್ರಿ ರಾಜಿ ಆಗಿ ನಕ್ಕಂಗ ಅನ್ರಿ. ಆಕಾಶ ರಾತ್ರಿ ಪೂರಾ ಕರಿ ಇರಂಗಿಲ್ಲ, ತನ್ನಷ್ಟಕ್ಕ ತಾನ ಸಣ್ಣಗ ಮಿಣಕತಿರತೈತಿ. ನಮ್ಮ ಕಣ್ಣಿಗೆ ಹತ್ತಂಗಿಲ್ಲ, ಮಷೀನಿಗೆ ಹತ್ತತೈತಿ. ಆದರ ಕೆಳಗ ಒಂದ ಬಲ್ಬ ಇದ್ರೂ ಕೆಲಸ ಕೆಡತೈತಿ."

ಆಮೇಲೆ ಬಂದ ಕೆಲಸ ಹೇಳಿದರು. ಅಮಾವಾಸ್ಯೆಯ ಹಿಂದೆ ಮುಂದೆ ಆ ಊರಿಗೆ ಇದೇ ರಾತ್ರಿ ಪಾಳಿ ಇಡಬೇಕು. ನೋಡೋಣ ಎಂದೆ. ಬಾಗಿಲ ತನಕ ಹೋದವರು ತಲೆ ಕೆರೆದುಕೊಳ್ಳುತ್ತ ತಿರುಗಿ ಬಂದರು.

"ಇನ್ನೊಂದು ಸಣ್ಣ ಮಾತ್ರಿ. ಊರಿಗೆ ಕರೆಂಟ್ ಹೋದ್ರ ನನ್ನ ಮಷೀನಿಗೂ ಹೋಗತೈತಿ. ಬ್ಯಾಟರಿ ಬಾಳ ಹೊತ್ತು ತಡಿಯಂಗಿಲ್ಲ. ಊರಿಗೆಲ್ಲಾ ತಗದು, ನನಗ ಒಬ್ಬಾವಗ ಕೊಡಾಕ ಬರತೈತೇನು?"

"ಮಾಸ್ತರ, ಸಂಸ್ಥಾನದ ಕಾಲದಾಗ ರಾಜರೂ ಇಂಥಾ ಬೇಡಿಕಿ ಇಟ್ಟಿರಲಿಕ್ಕಿಲ್ರಿ" ಎಂದೆ.

ಆದರೆ ಹೋಳಿಗೆ ರುಚಿಯಾಗಿತ್ತು. ಮಾರನೆಯ ವಾರ ಗುಡ್ಡಕ್ಕೆ ಹೋದೆ. ಕೋಣೆಯ ಮಾಳಿಗೆಗೆ ತೂತು ಕೊರೆದು, ಅದರ ಮೇಲೆ ಪಾರದರ್ಶಕ ಗುಮ್ಮಟ ಮುಚ್ಚಿದ್ದರು. ಅದರ ಕೆಳಗೆ, ಇಡೀ ಆಕಾಶವನ್ನು ಒಂದೇ ಸಲ ನುಂಗುವಂಥ ಉಬ್ಬುಗಣ್ಣಿನ ಲೆನ್ಸು. ಅದರ ಕೆಳಗೆ ಬೇರೆ ಬೇರೆ ಬಣ್ಣದ ಬೆಳಕನ್ನು ಸೋಸುವ ಗಾಜುಗಳನ್ನು ಕೂಡಿಸಿದ ಒಂದು ಚಕ್ರ. ಎಲ್ಲಕ್ಕಿಂತ ಕೆಳಗೆ, ಬರ್ಫಕ್ಕಿಂತ ತಣ್ಣಗೆ ಮಾಡಿಕೊಂಡೇ ಕೆಲಸಕ್ಕೆ ಇಳಿಯುವ ಕ್ಯಾಮೆರಾ. ಮಾಸ್ತರರು ಮಫ್ಲರಿನ ಮೂಲೆಯಿಂದ ಅದರ ಧೂಳು ಒರೆಸುವ ರೀತಿ ನೋಡಿ, ಇವರ ಬೇಡಿಕೆ ಹುಚ್ಚಿನದಾದರೂ ಸುಳ್ಳಿನದಲ್ಲ ಎನಿಸಿತು. ಗುಡ್ಡದ ಬುಡದಲ್ಲೇ ಕುಡಿಯುವ ನೀರಿನ ಪಂಪಿಗೆ ಬೇರೆ ಲೈನು ಹೋಗಿತ್ತು. ಅದಕ್ಕೆ ಪಾಳಿ ಇರಲಿಲ್ಲ. ಮೇಲಿನ ಸಾಹೇಬರಿಗೆ ಹೇಳಿ ಒಪ್ಪಿಸಿ, ಅದರಿಂದ ಒಂದು ಎಳೆ ಕೋಣೆಗೆ ಎಳೆಸಿಕೊಟ್ಟೆ. ಹೀಗೆ ತಾಲೂಕಿನಲ್ಲಿ ಕರೆಂಟ್ ಹೋದಾಗ ಕುಣಿಯುವ ಏಕೈಕ ಮನುಷ್ಯನಿಗೆ ಕರೆಂಟ್ ಹೋಗದ ಏಕೈಕ ಕೋಣೆ ಸಿಕ್ಕಿತು.

ಮಾಸ್ತರರ ಕಿಸೆಯಲ್ಲಿ ಯಾವಾಗಲೂ ಒಂದು ಸಣ್ಣ ಪಂಚಾಂಗ ಇರುತ್ತಿತ್ತು. ಚಂದ್ರ ಯಾವಾಗ ಹುಟ್ಟುತ್ತಾನೆ, ಯಾವಾಗ ಮುಳುಗುತ್ತಾನೆ ಎಂದು ತಿಳಿಯಲು ಅದು ಬೇಕು. ಬಸ್ಸಿನಲ್ಲಿ ಅದನ್ನು ತೆಗೆದು ಓದುವುದನ್ನು ನೋಡಿದವರು ಇವರನ್ನು ದೊಡ್ಡ ಭಕ್ತರೆಂದು ತಿಳಿದರು. "ಮಾಸ್ತರ, ಮಗಳ ನಿಶ್ಚಯಕ್ಕ ಒಂದ ಛಲೋ ದಿನಾ ನೋಡ್ರಿ" ಎಂದು ಕೇಳಿದರೆ ಇವರು ಪ್ರಾಮಾಣಿಕವಾಗಿ ಅಮಾವಾಸ್ಯೆಯನ್ನೇ ತೋರಿಸುತ್ತಿದ್ದರು. ಅವರ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯ ದಿನ ಇರಲಿಲ್ಲ. ಮಾತಾಡುವಾಗ ಎದುರಿನವರ ಮುಖ ಬಿಟ್ಟು ಮೇಲೆ ನೋಡುವ ರೂಢಿ ಬೇರೆ. ಹೊಸಬರು, ಈ ಗಿಡ್ಡ ಮನುಷ್ಯನಿಗೆ ಎಷ್ಟು ಸೊಕ್ಕು ಎಂದುಕೊಳ್ಳುತ್ತಿದ್ದರು. ಮಾಸ್ತರರು ಪಾಪ, ಮೋಡ ಬಂತೇನೋ ಎಂದು ನೋಡುತ್ತಿದ್ದರು.

ಗುಡ್ಡದ ಊರಿನವರು ಮೊದಮೊದಲು ಇವರನ್ನು ನಂಬಲಿಲ್ಲ. ನಂಬುವುದು ಹೇಗೆ? ಅಮಾವಾಸ್ಯೆ ಬಂದರೆ ಗುಡ್ಡ ಹತ್ತುತ್ತಾನೆ, ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಾನೆ, ಕೈಬ್ಯಾಟರಿಗೆ ಕೆಂಪು ಕಾಗದ ಸುತ್ತಿಕೊಂಡು ಓಡಾಡುತ್ತಾನೆ. ನಿಧಿ ಅಗೆಯಲು ಬಂದವನೆಂದು ಊರೆಲ್ಲ ಮಾತಾಯಿತು. ಒಂದು ಸಂಜೆ ಹತ್ತಾರು ಜನ ಕೋಣೆಯ ಮುಂದೆ ಕೂಡಿದರು. ಅವರ ಮುಂದೆ ಬೀರೇಶ್ವರನ ಗುಡಿಯ ಪೂಜಾರಿ. ಅವರನ್ನು ಊರಲ್ಲಿ ಎಲ್ಲರೂ ಮುತ್ತ್ಯಾ ಎಂದೇ ಕರೆಯುತ್ತಿದ್ದರು. ಬಿಳಿ ಮೀಸೆ, ಹೆಗಲ ಮೇಲೆ ಕಂಬಳಿ, ನೂರಾರು ಕುರಿಗಳ ಯಜಮಾನ.

"ಎಲ್ಲೆ ಅಗಿಯಾಕತ್ತೀಯಪಾ, ಖರೇ ಹೇಳು" ಎಂದು ಮುತ್ತ್ಯಾ ಕೇಳಿದರು.

ಮಾಸ್ತರರು ಸಂಭಾವಿತರಾಗಿ, "ನಾ ಕೆಳಗ ಅಗಿಯೂದಿಲ್ಲ ಮುತ್ತ್ಯಾ, ಮ್ಯಾಲ ಅಗೀತೇನಿ" ಎಂದರು.

ಅದರಿಂದ ಕೆಲಸ ಇನ್ನಷ್ಟು ಕೆಟ್ಟಿತು. ಕೆಳಗೆ ಅಗೆಯುವವನಾದರೆ ಪೊಲೀಸರಿಗೆ ಕೊಡಬಹುದು, ಮೇಲಿನಿಂದ ಏನನ್ನೋ ಇಳಿಸುವವನನ್ನು ಏನು ಮಾಡುವುದು? ಕಡೆಗೆ ಮಾಸ್ತರರು ಬಾಗಿಲು ಪೂರ್ತಿ ತೆಗೆದು, ಎಲ್ಲರೂ ಒಳಗೆ ಬನ್ನಿ ಎಂದು, ಕಂಪ್ಯೂಟರ್ ಪರದೆಯ ಮೇಲೆ ಹಿಂದಿನ ರಾತ್ರಿಯ ಚಿತ್ರ ತೋರಿಸಿದರು. ಇಡೀ ಆಕಾಶವನ್ನು ಒಂದೇ ಲೆನ್ಸಿನಲ್ಲಿ ಹಿಡಿದದ್ದರಿಂದ ಚಿತ್ರ ದುಂಡಗೆ ಬರುತ್ತಿತ್ತು. ಬೂದು ಬಣ್ಣದ ದುಂಡು, ಅದರ ಮೇಲೆ ಉದ್ದಕ್ಕೆ ಎರಡು ಕಪ್ಪು ಪಟ್ಟಿ. ಯಾರಿಗೂ ಏನೂ ಅರ್ಥವಾಗಲಿಲ್ಲ. ಮುತ್ತ್ಯಾರ ಹೆಂಡತಿ, ಊರವರೆಲ್ಲ ಆಯಿ ಎನ್ನುವ ಮುದುಕಿ, ಮುಂದೆ ಬಂದು ಪರದೆಯ ಮೇಲೆ ಬೆರಳಿಟ್ಟಳು.

"ಇದೇನ ಯಪ್ಪಾ, ರೊಟ್ಟಿ ಹೊತ್ತೈತಲ್ಲ!"

ಮಾಸ್ತರರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಹೌದ ಆಯಿ! ಖರೇ ಹೇಳಿದಿ! ಹೊತ್ತ ಜಾಗಾನ ನಮಗ ಬೇಕಾದದ್ದು" ಎಂದು ಕುಣಿದಾಡಿಬಿಟ್ಟರು. ಆ ಕಪ್ಪು ಪಟ್ಟಿ ಇರುವಲ್ಲಿ ಮೇಲಿನ ಗಾಳಿ ಗುಳ್ಳೆಯಂತೆ ಟೊಳ್ಳಾಗಿರುತ್ತದೆ, ಉಪಗ್ರಹದಿಂದ ಬರುವ ರೇಡಿಯೋ ಅಲೆ ಅಲ್ಲಿ ಎಡವುತ್ತದೆ, ಆ ಗುಳ್ಳೆ ಯಾವಾಗ ಏಳುತ್ತದೆ, ಎತ್ತ ಹೋಗುತ್ತದೆ ಎಂದು ನೋಡುವುದೇ ತನ್ನ ಕೆಲಸ ಎಂದು ವಿವರಿಸಿದರು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಆದರೆ ರೊಟ್ಟಿ ಸುಡುವವನು ನಿಧಿಗಳ್ಳನಾಗಿರಲಾರ ಎಂದು ಎಲ್ಲರಿಗೂ ಸಮಾಧಾನವಾಯಿತು. ಅಂದಿನಿಂದ ದಾರಿಯಲ್ಲಿ ಸಿಕ್ಕವರೆಲ್ಲ, "ಮಾಸ್ತರ, ರಾತ್ರಿ ರೊಟ್ಟಿ ಹೆಂಗಿತ್ರಿ?" ಎಂದು ಕೇಳುವುದು, ಇವರು ಲೂನಾ ನಿಲ್ಲಿಸಿ, "ಛಲೋ ಇತ್ತು, ಪಡುವಣ ಕಡೆ ಒಂದೀಟು ಹೊತ್ತಿತ್ತು" ಎಂದು ಗಂಭೀರವಾಗಿ ವರದಿ ಒಪ್ಪಿಸುವುದು ನಡೆಯಿತು.

ಈ ಸುದ್ದಿ ಜಮಖಂಡಿಯ ಅವರ ಮನೆಗೂ ಮುಟ್ಟಿತು. ಒಮ್ಮೆ ನಾನು ಊಟಕ್ಕೆ ಹೋದಾಗ ವೈನಿ, ಎಂದರೆ ಅವರ ಹೆಂಡತಿ, ಬಡಿಸುತ್ತ ಹೇಳಿದರು: "ನಾ ಮಾಡಿದ ರೊಟ್ಟಿ ಒಂದಿನ ಹೊತ್ತಿದ್ರ ಮುಖಾ ಸಿಂಡರಿಸ್ಕೋತಾರ್ರಿ ಅಣ್ಣಾರ. ಆಕಾಶದಾಗ ಹೊತ್ತಿದ್ರ ಊರಿಗೆಲ್ಲಾ ಹೇಳ್ಕೋತ ಹೋಗ್ತಾರ." ಮಾಸ್ತರರು ತಲೆ ತಗ್ಗಿಸಿ ಉಂಡರು. ಅವರು ಮೇಲೆ ನೋಡದೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ತಮ್ಮ ಫಜೀತಿಯನ್ನು ತಾವೇ ಹೇಳಿಕೊಂಡು ನಗುವ ಗುಣ ಅವರಿಗಿತ್ತು. ಒಂದು ಸಲ ಚಿತ್ರದಲ್ಲಿ ಹೊಸ ಕಪ್ಪು ಕಲೆ ಕಾಣಿಸಿತು. ಉಳಿದ ಪಟ್ಟಿಗಳೆಲ್ಲ ರಾತ್ರಿ ಕಳೆದಂತೆ ಮೂಡಣಕ್ಕೆ ಸರಿಯುತ್ತಿದ್ದವು, ಇದು ಮಾತ್ರ ಇದ್ದಲ್ಲೇ ಇತ್ತು. ಮರುದಿನವೂ ಇತ್ತು. ಮಾಸ್ತರರಿಗೆ ನಿದ್ದೆ ಹಾರಿತು. ಸಂಸ್ಥೆಯವರಿಗೆ ಫೋನು ಮಾಡಿ, "ಇಂಥಾದ್ದು ಜಗತ್ತಿನ್ಯಾಗ ಯಾರೂ ನೋಡಿಲ್ಲ" ಎಂದು ಹೇಳಿಯೂಬಿಟ್ಟರು. ಅಲ್ಲಿಯ ದೊಡ್ಡ ವಿಜ್ಞಾನಿ ತಣ್ಣಗೆ, ಒಮ್ಮೆ ಮಾಳಿಗೆ ಹತ್ತಿ ನೋಡಿ ಎಂದರಂತೆ. ಹತ್ತಿ ನೋಡಿದರೆ ಗುಮ್ಮಟದ ಮೇಲೆ ಕಾಗೆಯ ಹಿಕ್ಕೆ. ಈ ಕಥೆಯನ್ನು ಅವರು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಮೊದಲನೆಯ ತಾಸಿನಲ್ಲೇ ಹೇಳುತ್ತಿದ್ದರು. "ಹೊಸಾದ್ದು ಏನರ ಕಂಡ್ರ ಮೊದಲ ಒರಸಿ ನೋಡ್ರಿ. ಒರಸಿದ ಮ್ಯಾಲೂ ಉಳದ್ರ ಆಗ ಕುಣೀರಿ."

ಹೀಗೆ ಕೆಲವು ವರ್ಷ ಸುಖವಾಗಿ ನಡೆದ ಮೇಲೆ ದೀಪದ ಗಂಡಾಂತರ ಬಂತು. ಆ ಭಾಗದ ಒಬ್ಬ ಮುಖಂಡರಿಗೆ ಬೀರೇಶ್ವರನ ಗುಡಿಯ ಮುಂದೆ ಎತ್ತರದ ಕಂಬ ನಿಲ್ಲಿಸಿ, ಅದರ ತಲೆಯ ಮೇಲೆ ಸುತ್ತಲೂ ದೊಡ್ಡ ದೀಪ ಹಚ್ಚಿಸುವ ಮನಸ್ಸಾಯಿತು. ಬುಡದಲ್ಲಿ ಅವರ ಹೆಸರಿನ ಬೋರ್ಡು. ಊರಿನ ಸಭೆ ಗುಡಿಯ ಕಟ್ಟೆಯ ಮೇಲೆ ಕರೆದರು. ಪಾಳಿ ಇಲ್ಲದ ಆ ನೀರಿನ ಪಂಪಿನ ಲೈನಿನಿಂದಲೇ ದೀಪಕ್ಕೆ ಕರೆಂಟ್ ಕೊಡಬೇಕೆಂದು ಅವರ ಹಟ. ಕೊಡಬೇಕಾದವನು ನಾನಾದ್ದರಿಂದ ನನಗೂ ಬುಲಾವು ಬಂತು.

ಮಾಸ್ತರರ ಮುಖ ಇಳಿದುಹೋಯಿತು. ಆ ದೀಪ ಹತ್ತಿದರೆ ಯಂತ್ರಕ್ಕೆ ಕಣ್ಣು ಹೋದಂತೆ. ಸಂಸ್ಥೆಯವರೂ ಹೇಳಿದ್ದರು, ಆಕಾಶ ಕೆಟ್ಟರೆ ಯಂತ್ರ ಬೇರೆ ಕಡೆ ಒಯ್ಯುತ್ತೇವೆ ಎಂದು. ಸಭೆಯ ಹಿಂದಿನ ದಿನ ನನ್ನ ಆಫೀಸಿಗೆ ಬಂದು ಭಾಷಣದ ತಾಲೀಮು ಮಾಡಿದರು. ನನ್ನನ್ನೂ ಲೈನ್‌ಮನ್‌ನನ್ನೂ ಎದುರು ಕೂಡಿಸಿ, ಕೈ ಎತ್ತಿ, "ಬಂಧುಗಳೇ, ಕತ್ತಲಿ ಪುಕ್ಕಟ ಸಿಗತೈತಿ ಅಂತ ಅದಕ್ಕ ಕಿಮ್ಮತ್ತಿಲ್ಲ! ಒಮ್ಮೆ ಹೋತಂದ್ರ ಎಷ್ಟ ರೊಕ್ಕಾ ಕೊಟ್ರೂ ಬರಂಗಿಲ್ಲ!" ಎಂದರು. ಲೈನ್‌ಮನ್ ಚಪ್ಪಾಳೆ ಹೊಡೆದ. ಆದರೆ, "ದಿನಾ ನಾವ ಪುಕ್ಕಟ ಹಂಚತೇವಲ್ರಿ" ಎಂದೂ ಸೇರಿಸಿದ.

ಸಭೆಯಲ್ಲಿ ಮುಖಂಡರು ಮೊದಲು ಮಾತಾಡಿದರು. "ಈ ದೀಪ ಜಮಖಂಡಿಯಿಂದ ಕಾಣಬೇಕು! ಬೀರಪ್ಪನ ಗುಡ್ಡ ಎಲ್ಲೈತಿ ಅಂತ ಯಾರೂ ಕೇಳಬಾರದು!" ಜನ ಶಿಳ್ಳೆ ಹೊಡೆದರು. ಆಮೇಲೆ ಮಾಸ್ತರರ ಪಾಳಿ. ಅವರು ಮಫ್ಲರ್ ಸರಿಮಾಡಿಕೊಂಡು ಎದ್ದು ನಿಂತು, "ಬಂಧುಗಳೇ" ಎಂದರು. ಅಷ್ಟರಲ್ಲಿ ಹಿಂದಿನಿಂದ ಆಯಿ ಕೋಲೂರಿಕೊಂಡು ಬಂದಳು. ಹಿಂದಿನ ವಾರ ಗುಡಿಯ ಮೆಟ್ಟಿಲ ಮೇಲೆ, ಕತ್ತಲಲ್ಲಿ, ಅವಳಿಗೆ ಚೇಳು ಕಡಿದಿತ್ತು. ಪಾದಕ್ಕೆ ಅರಿಷಿಣದ ಬಟ್ಟೆ ಸುತ್ತಿದ್ದರು.

"ಮಾಸ್ತರ," ಎಂದಳು ಆಯಿ, "ನಿನಗ ಕತ್ತಲಿ ಬೇಕು, ಖರೆ. ಆದರ ಚೇಳಿಗೂ ಅದ ಬೇಕಲ್ಲೋ ಯಪ್ಪಾ."

ಜನ ಘೊಳ್ಳೆಂದು ನಕ್ಕರು. ಮಾಸ್ತರರು ಆಯಿಯ ಕಾಲನ್ನೇ ನೋಡುತ್ತ ನಿಂತರು.

"ದೀಪಾ ಹಾಕ್ರಿ" ಎಂದು ಹೇಳಿ ಕೂತುಬಿಟ್ಟರು.

ಗುಡ್ಡ ಇಳಿಯುವಾಗ ಲೂನಾ ಚಾಲೂ ಮಾಡದೆ ತಳ್ಳಿಕೊಂಡೇ ಬಂದರು. "ಯಾಕ್ರಿ ಮಾಸ್ತರ, ಅಷ್ಟೆಲ್ಲಾ ತಯಾರಿ ಮಾಡಿದ್ರಿ?" ಎಂದೆ.

"ಆಯಿ ಕಾಲ ನೋಡಿದ್ರೇನ್ರಿ? ಬದನಿಕಾಯಿ ಆದಂಗ ಆಗೈತಿ. ಅದರ ಮುಂದ ನಿಂತು ಆಕಾಶದ ಮಾತ ಹೆಂಗ ಆಡ್ಲಿ?"

ಕಂಬ ಬಂತು. ಲೈನು ನಾನೇ ಕೊಟ್ಟೆ. ದೀಪ ಹತ್ತಿದ ಸಂಜೆ ಮುಖಂಡರಿಗೆ ಹಾರ ಬಿತ್ತು, ಎಲ್ಲರಿಗೂ ಹುಗ್ಗಿಯ ಊಟ ಬಿತ್ತು, ದೀಪಕ್ಕೆ ಮುತ್ತಿದ ಹುಳವೆಲ್ಲ ಹುಗ್ಗಿಯಲ್ಲಿ ಬಿತ್ತು. ಕತ್ತಲಲ್ಲಿ ಉಂಡಿದ್ದರೆ ಗೊತ್ತಾಗುತ್ತಿರಲಿಲ್ಲ, ಅಷ್ಟು ಬೆಳಕಿನಲ್ಲಿ ಒಂದೊಂದು ಹುಳವೂ ಸ್ಪಷ್ಟವಾಗಿ ಕಂಡಿತು. ಮಾಸ್ತರರ ಯಂತ್ರದಲ್ಲಿ ಆ ರಾತ್ರಿಯ ಚಿತ್ರ ಸುಣ್ಣ ಬಳಿದಂತೆ ಬೆಳ್ಳಗೆ ಬಂದಿತ್ತು. ಸಂಸ್ಥೆಗೆ ಫೋನು ಮಾಡಿ ಇದ್ದದ್ದನ್ನು ಹೇಳಿದರು. ಈ ಹಂಗಾಮು ಮುಗಿದ ಮೇಲೆ ಬಂದು ಒಯ್ಯುತ್ತೇವೆ ಎಂಬ ಉತ್ತರ ಬಂತು. ಮಾಸ್ತರರು ಒಬ್ಬರ ಮೇಲೂ ಸಿಟ್ಟು ಮಾಡಲಿಲ್ಲ. ಆದರೂ ಅಮಾವಾಸ್ಯೆ ಬಂದರೆ ಗುಡ್ಡಕ್ಕೆ ಹೋಗುವುದನ್ನು ಬಿಡಲಿಲ್ಲ. ಯಂತ್ರದ ಹತ್ತಿರ, ದವಾಖಾನೆಯಲ್ಲಿ ಬೀಗರನ್ನು ನೋಡಲು ಹೋದವರ ಹಾಗೆ, ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತಿದ್ದರು.

ಹೆಚ್ಚು ದಿನ ಆಗಿರಲಿಲ್ಲ. ಒಂದು ಮುಂಜಾನೆ ಮಾಸ್ತರರು ನನ್ನ ಆಫೀಸಿನಲ್ಲಿ ಚಹಾ ಕುಡಿಯು‍ತ್ತ ಕೂತಿದ್ದರು. ಮುತ್ತ್ಯಾ ನಾಲ್ಕೈದು ಜನ ಕುರಿಗಾರರನ್ನು ಕಟ್ಟಿಕೊಂಡು ಬಂದರು. ಎಲ್ಲರ ಕಣ್ಣೂ ಮಾಸ್ತರರ ಕಣ್ಣಿಗಿಂತ ಕೆಂಪಗಿದ್ದವು.

"ಸಾಹೇಬ್ರ, ಆ ದೀಪಾ ತಗೀರಿ. ಕುರಿ ನಿದ್ದಿ ಮಾಡವಲ್ವು."

"ಏನಂದ್ರಿ ಮುತ್ತ್ಯಾ?"

"ಕುರೀರಿ, ಕುರಿ! ಗುಡಿ ಮಗ್ಗಲದಾಗ ನಮ್ಮ ಹಟ್ಟಿ ಐತಲ್ಲ. ಬೆಳಕ ಹರದೈತಿ ಅಂತ ತಿಳಕೊಂಡು ರಾತ್ರಿನ ಎದ್ದು ಮೇಯಾಕ ಹೊಂಡತಾವ. ಹೊಡದು ಒಳಗ ಹಾಕಿದ್ರ ಒಂದ ಸವನ ಒದರತಾವ. ಅದ ಕೇಳಿ ನಾಯಿ ಬೊಗಳತಾವ. ನಾಯಿ ಕೇಳಿ ಹುಂಜ ಕೂಗತಾವ. ಯಾವಾಗ ಕೂಗಬೇಕು ಅನ್ನೂದ ಹುಂಜಕ್ಕ ಮರತು ಹೋಗೇತಿ. ನಾವು ಕಣ್ಣ ಮುಚ್ಚಿಲ್ಲ. ನಮ್ಮ ಬೀರಪ್ಪ ಸುದ್ದಾ ಮುಚ್ಚಿರಲಿಕ್ಕಿಲ್ಲ."

ನಾನು ಮಾಸ್ತರರ ಕಡೆ ನೋಡಿದೆ. ಅವರು ಚಹಾದ ಕಪ್ಪಿನೊಳಗೆ ಮುಖ ಇಟ್ಟಿದ್ದರು. ಭುಜ ಅಲುಗುತ್ತಿತ್ತು. ಕಡೆಗೆ ತಡೆಯಲಾರದೆ ತಲೆ ಎತ್ತಿ, ಪರೀಕ್ಷೆಯ ಪ್ರಶ್ನೆ ಕೇಳಿದ ಹಾಗೆ ಕೇಳಿದರು: "ಮುತ್ತ್ಯಾ, ಎಲ್ಲಾ ಕುರಿ ಏಳತಾವೋ, ದೀಪದ ಕಡೆ ಮುಖಾ ಮಾಡಿದ್ದಷ್ಟ ಏಳತಾವೋ?"

"ನೀ ಒಂದಿನ ನಡುವ ಮಲಗಿ ನೋಡು!" ಎಂದರು ಮುತ್ತ್ಯಾ.

ಸಂಜೆಗೆ ಸುದ್ದಿ ಮುಖಂಡರಿಗೆ ಮುಟ್ಟಿ ಅವರೂ ಗುಡ್ಡಕ್ಕೆ ಬಂದರು. ಬಂದವರೇ ಗುಡುಗಿದರು: "ಕುರಿ ಮಾತ ಕೇಳಿ ನನ್ನ ದೀಪಾ ಆರಸ್ತೀರೇನು?"

ಮುತ್ತ್ಯಾ ಕಂಬಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಸಾವಕಾಶವಾಗಿ ಹೇಳಿದರು. "ಹಂಗಲ್ಲಪಾ. ಕುರಿ ಓಟ ಹಾಕಂಗಿಲ್ಲ, ಖರೆ. ಆದರ ಕುರಿ ಮಲಗಿದ್ರ ನಾವು ಮಲಗತೇವಿ. ನಾವು ಮಲಗಿದ್ರ ನಮ್ಮ ತಲಿ ನೆಟ್ಟಗಿರತೈತಿ. ತಲಿ ನೆಟ್ಟಗಿದ್ರ ಓಟಿನ ದಿನಾ ನಿನ್ನ ಗುರುತು ನೆನಪ ಇರತೈತಿ."

ಮುಖಂಡರು ಒಮ್ಮೆ ಕುರಿಹಟ್ಟಿಯ ಕಡೆ, ಒಮ್ಮೆ ದೀಪದ ಕಡೆ ನೋಡಿದರು. ಕುರಿಗಳು ಆಗಲೇ ಒದರಲು ಶುರು ಮಾಡಿದ್ದವು. ಕಟ್ಟೆಯ ಮೇಲೆ ಕೂತಿದ್ದ ಆಯಿಯೂ, "ನನ್ನ ಮೆಟ್ಟಲದಾಗ ಒಂದ ಸಣ್ಣ ದೀಪಾ ಇದ್ರ ಸಾಕೋ ಯಪ್ಪಾ. ಇಷ್ಟೆಲ್ಲಾ ಬೆಳಕನ್ಯಾಗ ಮುದಕೀನ್ನ ಏನ್ ನೋಡತೀರಿ?" ಎಂದಳು. ಜಾತ್ರೆ, ಹಬ್ಬಗಳಿಗೆ ಮಾತ್ರ ದೊಡ್ಡ ದೀಪ, ಉಳಿದ ದಿನ ಇಲ್ಲ ಎಂದು ತೀರ್ಮಾನವಾಯಿತು.

ಮೆಟ್ಟಿಲ ದೀಪದ ಕೆಲಸವನ್ನು ಮಾಸ್ತರರು ಯಾರಿಗೂ ಬಿಟ್ಟುಕೊಡಲಿಲ್ಲ. ಜಮಖಂಡಿಯ ಅಂಗಡಿಗಳಿಂದ ಖಾಲಿ ಎಣ್ಣೆ ಡಬ್ಬಿಗಳನ್ನು ಲೂನಾಕ್ಕೆ ಕಟ್ಟಿಕೊಂಡು, ದಾರಿಯುದ್ದಕ್ಕೂ ಢಣಢಣ ಎನ್ನಿಸುತ್ತ ಬಂದರು. ಡಬ್ಬಿಯನ್ನು ಅರ್ಧಕ್ಕೆ ಕತ್ತರಿಸಿ, ಒಂದೊಂದು ಬಲ್ಬಿಗೂ ಟೋಪಿ ತೊಡಿಸಿ, ಬೆಳಕು ಮೆಟ್ಟಿಲ ಮೇಲೆ ಮಾತ್ರ ಬೀಳುವಂತೆ ಮಾಡಿದರು. ನಾನೂ ಲೈನ್‌ಮನ್ನೂ ತಂತಿ ಎಳೆದೆವು. ಮೇಲಿನಿಂದ ನೋಡಿದರೆ ಏನೂ ಇಲ್ಲ, ಕೆಳಗೆ ನಡೆದರೆ ಇರುವೆಯೂ ಕಾಣುತ್ತಿತ್ತು. ಮುಖಂಡರು ತಮ್ಮ ಹೆಸರಿನ ಬೋರ್ಡು ರಾತ್ರಿ ಕಾಣುವುದಿಲ್ಲವೆಂದು ತಕರಾರು ತೆಗೆದರು. ಮಾಸ್ತರರು ಅದಕ್ಕೂ ಒಂದು ಬಲ್ಬು ಹಾಕಿ, ಅದಕ್ಕೂ ಡಬ್ಬಿ ತೊಡಿಸಿದರು. ಹೆಸರು ಕಾಣುತ್ತಿತ್ತು. ಮನೆತನದ ಅಡ್ಡಹೆಸರು ಮಾತ್ರ ಡಬ್ಬಿಯ ನೆರಳಿನಲ್ಲಿ ಹೋಯಿತು. ಆ ತಿಂಗಳ ಚಿತ್ರಗಳನ್ನು ನೋಡಿ ಸಂಸ್ಥೆಯವರು ಯಂತ್ರ ಒಯ್ಯುವ ಮಾತು ಬಿಟ್ಟರು.

ಆಮೇಲೆ ಬಹಳ ಒಳ್ಳೆಯ ವರ್ಷಗಳು ಬಂದವು. ನನಗೆ ಬೀಳಗಿಗೆ ವರ್ಗವಾಯಿತು. ಆಗೀಗ ಅವರ ಫೋನು ಬರುತ್ತಿತ್ತು. ಮಾತಿನ ಅರ್ಧ ಭಾಗ ಕಬ್ಬು ಕಡಿದವರು ಹೊಲದಲ್ಲಿ ಉಳಿದ ಒಣಗರಿಯ ರವದಿ ಸುಡುವ ಹೊಗೆಯ ಮೇಲಿನ ಸಿಟ್ಟು, ಇನ್ನರ್ಧ ಮುತ್ತ್ಯಾರ ಕುರಿಗಳ ಕ್ಷೇಮ ಸಮಾಚಾರ. ಅವರು ನಿವೃತ್ತರಾದರು. ನಿವೃತ್ತರಾದ ಮೇಲೂ ಗುಡ್ಡಕ್ಕೆ ಹೋಗುತ್ತಿದ್ದರು. ಕಡೆಗೆ ಯಂತ್ರಕ್ಕೂ ವಯಸ್ಸಾಯಿತು. ಸಂಸ್ಥೆಯವರು ಬೇರೆಲ್ಲೋ ಹೊಸದನ್ನು ಕೂಡಿಸಿ, ಹಳೆಯದನ್ನು ಒಯ್ಯಲು ಜೀಪು ಕಳಿಸಿದರು. ಡಬ್ಬಿಗೆ ತುಂಬುವವರಿಗೆ ಮಾಸ್ತರರು ಎಷ್ಟು ಸೂಚನೆ ಕೊಟ್ಟರೆಂದರೆ, ಅವರು ಬೇಸತ್ತು, "ಸರ್, ನೀವೇ ಒಳಗೆ ಕೂತುಬಿಡಿ" ಎಂದರಂತೆ. ಜೀಪು ಹೊರಟ ಮೇಲೆ ಇವರು ಲೂನಾ ಹತ್ತಿ ಹಿಂದೆಯೇ ಹೋದರು. ಜಮಖಂಡಿ ದಾಟಿ ಚಿಮ್ಮಡದ ಹತ್ತಿರ ಬಂದರೂ ಲೂನಾ ಹಿಂದೆ ಬರುವುದನ್ನು ಕಂಡು, ಏನೋ ಮರೆತಿದ್ದೇವೆಂದು ಡ್ರೈವರ್ ಜೀಪು ನಿಲ್ಲಿಸಿದ. ಮಾಸ್ತರರು ಹತ್ತಿರ ಬಂದು, "ಏನಿಲ್ರಿ, ನಡೀರಿ. ತಗ್ಗನ್ಯಾಗ ಸಾವಕಾಶ ಹೊಡೀರಿ" ಎಂದು ಹೇಳಿ ತಿರುಗಿ ಬಂದರಂತೆ. ಇದನ್ನು ಅವರೇ ಫೋನಿನಲ್ಲಿ ನಗುತ್ತ ಹೇಳಿದರು. ನಗು ಅರ್ಧಕ್ಕೇ ನಿಂತಿತು.

ರಬಕವಿಯಲ್ಲಿ ಸುದ್ದಿ ಕೇಳಿದ ಮರುದಿನವೇ ಜಮಖಂಡಿಗೆ ಹೋದೆ. ವೈನಿ ಒಬ್ಬರೇ ಪಡಸಾಲೆಯಲ್ಲಿ ಕೂತಿದ್ದರು. ಮಲಗಿದಲ್ಲೇ ಹೋದರಂತೆ, ಏನೂ ತ್ರಾಸಾಗಲಿಲ್ಲವಂತೆ. ಆಮೇಲೆ ಅವರೇ ಮಾತು ತೆಗೆದರು.

"ಮಷೀನ್ ಹೋದ ಮ್ಯಾಲೆ ಊಟಾನೂ ಸರಿ ಮಾಡ್ತಿದ್ದಿಲ್ರಿ ಅಣ್ಣಾರ. ರಾತ್ರಿ ಆತಂದ್ರ ಮಾಳಿಗಿ ಮ್ಯಾಲ ಕುರ್ಚಿ ಹಾಕ್ಕೊಂಡು ಮ್ಯಾಲ ನೋಡ್ಕೋತ ಕುಂದರತಿದ್ರು. ಒಂದಿನ ನನಗ ನೋಡಾಕ ಆಗಲಿಲ್ಲ. ಬಾಜೂಕ ಹೋಗಿ ನಿಂತು, 'ಇವತ್ತ ನಿಮ್ಮ ಬೆಳಕ ಎಷ್ಟ ಛಲೋ ಕಾಣಾಕತ್ತೈತಿ ನೋಡ್ರಿ' ಅಂದ್ಯಾ."

"ಅದಕ್ಕ ಏನಂದ್ರು?"

"'ಎಲ್ಲೆ?' ಅಂದ್ರು. 'ಅಲ್ಲೆ, ನೀರಿನ ಟಾಕಿ ಮ್ಯಾಲ' ಅಂದ್ಯಾ. ಕೈ ಹೋದ ಕಡೆ ತೋರಿಸಿದೆ. ಮೊದಲ ನನ್ನ ಮುಖಾ ನೋಡಿದ್ರು. ಆಮ್ಯಾಲ ಆ ಕಡೆ ಬಾಳ ಹೊತ್ತ ನೋಡಿದ್ರು. 'ಹೌದಲ್ಲ, ನನಗ ತಿಳದಿದ್ದಿಲ್ಲ ನೋಡು' ಅಂದ್ರು. ಕೆಳಗ ಬಂದು ಅನ್ನಾ ಸಾರು ಎರಡ ಸಲಾ ಹಾಕಿಸ್ಕೊಂಡು ಉಂಡ್ರು. ಅವತ್ತಿಂದ ದಿನಾ ಅದ. 'ಇವತ್ತ ಹೆಂಗೈತಿ?' ಅಂತ ಅವರು ಕೇಳೂದು, 'ನಿನ್ನಿಗಿಂತ ಛಲೋ ಐತ್ರಿ' ಅಂತ ನಾ ಹೇಳೂದು. ಕಡೀ ದಿನಾನೂ ಕೇಳಿ ಮಲಗಿದ್ರು."

ವೈನಿ ಅಳುತ್ತಲೇ ನಕ್ಕರು. "ನನಗೇನ ಕಾಣತೈತ್ರಿ ಅಣ್ಣಾರ, ಎರಡೂ ಕಣ್ಣಿಗೆ ಮೋತಿಬಿಂದು, ಪೊರಿ ಬಂದೈತಿ. ಬರೇ ಸುಳ್ಳ ಹೇಳಿದ್ದೆ. ಅಷ್ಟೆಲ್ಲಾ ಓದಿದ ಮನಷ್ಯಾ, ಪಾಪ, ಪೂರಾ ನಂಬಿದ್ರು ನೋಡ್ರಿ."

ಕಿಟಕಿಯಿಂದ ಆ ನೀರಿನ ಟಾಕಿ ಕಾಣುತ್ತಿತ್ತು. ಅದರ ತುದಿಗೆ ಪುರಸಭೆಯ ದೊಡ್ಡ ಹ್ಯಾಲೊಜನ್ ದೀಪ. ರಾತ್ರಿಯಾದರೆ ಅದರ ಬೆಳಕು ಈ ಪಡಸಾಲೆಯ ತನಕ ಬೀಳುತ್ತಿದ್ದಿರಬೇಕು. ಬರಿಗಣ್ಣಿಗೆ ಎಂದೂ ಹತ್ತದ ಮಾಸ್ತರರ ಬೆಳಕು ಅಲ್ಲಿ ಮಷೀನಿಗೂ ಹತ್ತುತ್ತಿರಲಿಲ್ಲ.

"ಹೌದ್ರಿ ವೈನಿ, ಪೂರಾ ನಂಬಿದ್ರು" ಎಂದೆ. "ನನಗೂ ಫೋನ್ ಮಾಡಿ ಹೇಳಿದ್ರು, ನಮ್ಮಾಕಿ ಕಣ್ಣ ಬಾಳ ಚುರುಕ ಅದಾವು ಅಂತ."

ವೈನಿ ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಂದ್ರೇನ್ರಿ?" ಎಂದು ಕೇಳಿದರು. ಅಂಥ ಫೋನು ನನಗೆ ಬಂದೇ ಇರಲಿಲ್ಲ. ಆದರೂ ಹಾಗೇ ಅಂದರು ಎಂದು ಇನ್ನೊಮ್ಮೆ ಹೇಳಿದೆ. ಅವರು ಎದ್ದು ಚಹಾ ಇಡಲು ಒಳಗೆ ಹೋದರು.